ಒರೆಸಿಕೊಂಡ ಬಣ್ಣ

ರಾಯದುರ್ಗದಲ್ಲಿ ನಾನು ಗಾರ್ಮೆಂಟ್ ಕೆಲಸ ಮಾಡಿದ ಅಷ್ಟು ವರ್ಷಗಳಲ್ಲಿ ನಮ್ಮ ಕೈಯಿಂದ ಹೊರಟ ಬಟ್ಟೆ ಎಲ್ಲಿಗೆ ಹೋಯಿತು, ಯಾರ ಮೈಮೇಲೆ ಕೂತಿತು ಎಂದು ನಮಗೆ ತಿಳಿದದ್ದು ಬಹಳ ಕಡಿಮೆ. ಜೀನ್ಸ್ ಪ್ಯಾಂಟುಗಳು ಮೂಟೆ ಮೂಟೆಯಾಗಿ ಲಾರಿ ಹತ್ತುತ್ತಿದ್ದವು, ಅಲ್ಲಿಗೆ ಅವುಗಳ ಜೊತೆಗಿನ ನಮ್ಮ ಸಂಬಂಧ ಮುಗಿಯುತ್ತಿತ್ತು. ಒಂದೇ ಒಂದು ಸಲ ಮೂಟೆ ವಾಪಸು ಬಂತು. ಅದರ ಹಿಂದೆ ಹೋಗಿ ನಾನು ಮಡಕಶಿರದ ಹತ್ತಿರ ಒಂದು ಆಟ ನೋಡಿದೆ, ಆಡಿದೆ, ಆಡುವಾಗ ಮೋಸ ಮಾಡಿದೆ. ಇಷ್ಟು ವರ್ಷ ಅದನ್ನು ನಗೆಚಾಟಿಕೆಯ ಹಾಗೆ ಹೇಳಿಕೊಂಡು ಬಂದಿದ್ದೇನೆ. ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಗುಮ್ಮಘಟ್ಟದ ಕಡೆಯ ಹಳ್ಳಿ. ಮನೆಯಲ್ಲಿ ಕುರಿ, ಮಳೆ ಬಂದರೆ ಬೆಳೆಯುವ ಹೊಲ. ಹತ್ತನೇ ಕ್ಲಾಸು ಮುಗಿದ ಮೇಲೆ ಷೇರ್ ಆಟೋದಲ್ಲಿ ರಾಯದುರ್ಗಕ್ಕೆ ಹೋಗಿ ಮಿಷಿನ್ ಕಲಿತೆ. ಆಟೋದಲ್ಲಿ ಹೋಗಿಬರುವುದು ಸಾಕಾದಾಗ ಊರೊಳಗೆ ಒಂದು ರೂಮು ಮಾಡಿಕೊಂಡೆ. ಈ ಆಟದ ಬಟ್ಟೆಯ ಆರ್ಡರು ಬರುವ ಹೊತ್ತಿಗೆ ಹದಿನಾಲ್ಕು ಮಿಷಿನ್ನುಗಳ ಒಂದು ಸಣ್ಣ ಯೂನಿಟ್ಟಿಗೆ ಸೂಪರ್‌ವೈಸರ್ ಆಗಿದ್ದೆ. ಆ ಕುರ್ಚಿಯ ಮೇಲೆ ನನಗೆ ಆಸೆ ಬಹಳ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷಿನ್ ಮೇಲೆ ಕೂರುತ್ತಿದ್ದವರು ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ಬೆಂಗಳೂರಿನ ದೊಡ್ಡ ಫ್ಯಾಕ್ಟರಿಗಳಲ್ಲಿ ಬಹಳ ವರ್ಷ ದುಡಿದು, ಅಲ್ಲಿಯ ಗಾಳಿ ಸಾಕಾಗಿ ಊರಿಗೆ ಬಂದವರು. ಮಾತು ಕಡಿಮೆ. ಅವರ ಅಂಚಿನ ಹೊಲಿಗೆ ಬಿಟ್ಟುಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ.

ಆರ್ಡರು ಕೊಟ್ಟವರು ಮಡಕಶಿರದ ಪಕ್ಕದ ಗುಡಿಬಂಡೆ ಕಡೆಯವರೊಬ್ಬರು. ಬೆಂಗಳೂರಿನಾಚೆ ಒಂದು ಪೇಂಟ್‌ಬಾಲ್ ಮೈದಾನದಲ್ಲಿ, ಅಂದರೆ ಬಣ್ಣದ ಗುಂಡು ಹೊಡೆದು ಆಡುವ ಕಡೆ, ಕೆಲಸಕ್ಕಿದ್ದು, ಮೊದಲು ಗನ್ನುಗಳಿಗೆ ಗಾಳಿ ತುಂಬುತ್ತಾ, ಆಮೇಲೆ ಆಟ ಆಡಿಸುತ್ತಾ ಆ ಕಸುಬು ಕಲಿತು ಊರಿಗೆ ಮರಳಿದ್ದರು. ಮಡಕಶಿರದ ರಸ್ತೆ ಪಕ್ಕದಲ್ಲಿ ಅವರ ಮನೆಯ ಹಿಪ್ಪುನೇರಳೆ ತೋಟ ಒಣಗಿ ನಿಂತಿತ್ತು. ಅಲ್ಲಿ ಅಂಥದ್ದೇ ಮೈದಾನ ಮಾಡಿದ್ದರು. ಭಾನುವಾರ ಕೋಟೆ ಬೆಟ್ಟ ಹತ್ತಲು ಬರುವ ಕಾಲೇಜಿನವರು, ಬೆಂಗಳೂರಿನ ಕಂಪನಿಯವರು ಅಲ್ಲಿಗೆ ಬಂದು ಆಡುತ್ತಿದ್ದರು. ನಾವು ಅವರನ್ನು ಮೈದಾನದಣ್ಣ ಎಂದೇ ಕರೆಯುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ಮೂವತ್ತು ಓವರಾಲ್, ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಟ್ಟೆ, ಮಿಲಿಟರಿ ಬಣ್ಣದ್ದು.

ಆ ವಾರ ಕಟಿಂಗ್ ಮಾಸ್ಟರು ರಜೆ ಹಾಕಿದ್ದರು. ಅವರು ಬರುವವರೆಗೆ ಕಾಯಬಹುದಾಗಿತ್ತು. ನಾನೇ ಮಾಡಿ ತೋರಿಸಬೇಕು ಅನ್ನಿಸಿತು. ಜೀನ್ಸ್ ಪ್ಯಾಂಟಿನ ಪ್ಯಾಟರ್ನ್, ಅಂದರೆ ಅಳತೆಯ ರಟ್ಟು, ತೆಗೆದುಕೊಂಡು ಅದರ ಸೊಂಟಕ್ಕೆ ಶರ್ಟಿನ ಪ್ಯಾಟರ್ನ್ ಜೋಡಿಸಿ ಗುರುತು ಹಾಕಿ ಕತ್ತರಿಸಿದೆ. ಮೊದಲ ಪೀಸು ಹೊಲಿದಾಗ ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡಿದರು.

"ನೋಡವ್ವ, ಇದು ನಿಂತೋರಿಗೆ ಆಗ್ತೈತಿ. ಕೂತ್ರ ಹರಿತೈತಿ. ಭುಜದಿಂದ ತೊಡಿವರೆಗೂ ಉದ್ದ ಸಾಲದು."

"ಟೈಮಿಲ್ಲಕ್ಕ. ಹಂಗ ಹೊಲೀರಿ," ಎಂದೆ.

ತಿಂಗಳು ಕಳೆಯುವುದರೊಳಗೆ ಮೂಟೆ ವಾಪಸು ಬಂತು. ಓನರ್ರು ಅದನ್ನು ನೆಲದ ಮೇಲೆ ಸುರಿದು ಒಂದೊಂದೇ ಎತ್ತಿ ನೋಡಿದರು. ಕೂರುವ ಕಡೆ ಹೊಲಿಗೆ ಬಾಯಿ ಬಿಟ್ಟಿತ್ತು. ಮೊಣಕಾಲು ತೂತಾಗಿತ್ತು. ಕೆಲವಕ್ಕೆ ಕಂಕುಳ ಹತ್ತಿರ ತೋಳೇ ಕಿತ್ತು ಬಂದಿತ್ತು. ಓನರ್ರು ಹಳೆ ಟೈಲರು. ಕೂಗಾಡುವವರಲ್ಲ. ತಮ್ಮ ರೂಮಿಗೆ ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು.

"ಯಾರ ಹೊಲಿಗಿ ಇದು?"

ಬಿಟ್ಟಿದ್ದದ್ದು ಹೊಲಿಗೆ, ಹೊಲಿದವರು ಅಕ್ಕ. ಆ ಮಾತಿಗೆ ಉತ್ತರ ಅಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡೆ. "ಓವರ್‌ಲಾಕ್ ಸಡ್ಲ ಬಿದ್ದೈತ್ರಿ," ಎಂದೆ.

ಮಾರನೆಯ ದಿನದಿಂದ ಅಕ್ಕನನ್ನು ಮಿಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಹಾಕಿದರು. ಅದು ಹೊಸದಾಗಿ ಸೇರಿದವರ ಕೆಲಸ. ಅಕ್ಕ ಸಣ್ಣ ಕತ್ತರಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೋಗಿ ಕೂತರು. ನನ್ನ ಕುರ್ಚಿಯಿಂದ ನೋಡಿದರೆ ಅವರ ಬೆನ್ನು ಕಾಣುತ್ತಿತ್ತು. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಹಾಕಿಕೊಂಡೆ.

ಮೈದಾನದಣ್ಣ ಫೋನ್ ಮಾಡಿ ಒಂದು ಮಾತು ಹೇಳಿದ್ದರು. ಬಟ್ಟೆ ಹೇಗೆ ಹರಿಯುತ್ತದೆ ಎಂದು ಬಂದು ನೋಡಿದರೆ ಒಳ್ಳೆಯದು, ಇಲ್ಲದಿದ್ದರೆ ಮತ್ತೆ ಹೊಲಿದರೂ ಮತ್ತೆ ಹರಿಯುತ್ತದೆ ಎಂದು. ಓನರ್ರು ನನಗೆ ಹೋಗಲು ಹೇಳಿದರು. ಒಬ್ಬಳೇ ಬೇಡ, ಬೆಂಗಳೂರು ಕಂಡವರು ಜೊತೆಗಿರಲಿ ಎಂದು ಅಕ್ಕನನ್ನೂ ಕಳಿಸಿದರು. ಹೀಗೆ ಒಂದು ಭಾನುವಾರ ಮೊದಲ ಬಸ್ಸಿಗೆ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು, ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರದಲ್ಲಿ ಇಳಿದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಮೈದಾನ ನಾನಂದುಕೊಂಡಂತೆ ಇರಲಿಲ್ಲ. ತೋಟದ ನಡುವೆ ದೊಡ್ಡ ದೊಡ್ಡ ಬಂಡೆ, ಪೇರಿಸಿಟ್ಟ ಟೈರು, ಡ್ರಮ್ಮು. ಒಂದು ಕಡೆ ಹಳೆಯ ಹುಳದ ಮನೆ. ಹಿಂದೆ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಕಟ್ಟಡ ಅದು, ಕಿಟಕಿಗಳಿಗೆ ಬಾಗಿಲಿರಲಿಲ್ಲ. ಸುತ್ತ ಹಸಿರು ಬಲೆ. ಬಲೆಯಾಚೆ ನಿಂತು ನೋಡಬೇಕು. ಮೈದಾನದಣ್ಣನ ತಂಗಿ ನಮಗೆ ಮಜ್ಜಿಗೆ ತಂದುಕೊಟ್ಟಳು. ಅವಳೂ ನಮ್ಮ ಕಸುಬಿನವಳೇ. ವಾರದ ದಿನಗಳಲ್ಲಿ ಫ್ಯಾಕ್ಟರಿ ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋಗಿ ಕಾಲರ್ ಹೊಲಿಯುವವಳು, ಭಾನುವಾರ ಇಲ್ಲಿ ಬಟ್ಟೆ ಒಗೆದು ತೇಪೆ ಹಾಕುವವಳು. ಮೂವತ್ತರ ಆಚೀಚೆ ವಯಸ್ಸು, ಕಣ್ಣು ಚುರುಕು.

"ಬಟ್ಟೆ ಎಂಗೆ ಅರೀತದೆ ಅಂತ ನೋಡಾಕೆ ಇಷ್ಟು ದೂರ ಬಂದ್ರಾ ಅಕ್ಕ?" ಎಂದು ನಕ್ಕಳು. ಹರಿಯುವುದಕ್ಕೆ ಅರಿಯುವುದು ಎನ್ನುವವರು, ಆ ಕಡೆಯವರ ಮಾತಿನಲ್ಲಿ ಹಕಾರವಿಲ್ಲ.

ಅವತ್ತು ಬೆಂಗಳೂರಿನ ಒಂದು ಕಾಲೇಜಿನವರು ಬಂದಿದ್ದರು. ತೀರಾ ಹರಿದವನ್ನು ವಾಪಸು ಕಳಿಸಿ ಉಳಿಸಿಕೊಂಡಿದ್ದ ನಮ್ಮ ಓವರಾಲ್‌ಗಳೇ ಅವರ ಮೈಮೇಲಿದ್ದವು. ಎಂಟೆಂಟು ಜನದ ಎರಡು ತಂಡ, ಒಂದಕ್ಕೆ ನೀಲಿ ಪಟ್ಟಿ, ಇನ್ನೊಂದಕ್ಕೆ ಹಳದಿ. ಗನ್ನಿನಲ್ಲಿ ಗೋಲಿಯಷ್ಟು ದಪ್ಪದ ಗುಂಡು. ಮೈಗೆ ತಗುಲಿದರೆ ಒಡೆದು ಬಣ್ಣ ಚೆಲ್ಲುತ್ತದೆ. ಬಣ್ಣ ಹತ್ತಿದವರು ಔಟ್. ಮೈದಾನದಣ್ಣ ಸೀಟಿ ಕೊರಳಿಗೆ ಹಾಕಿಕೊಂಡು, ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ನಮ್ಮ ಹತ್ತಿರ ಬಂದು ವಿವರಿಸುತ್ತಿದ್ದರು.

"ಇದು ಒಂದೇ ಜೀವದ ಆಟ ಕಣಕ್ಕ. ಸತ್ತೋನು ಸತ್ತ. ಯಾವ ಕಡೆ ಕೊನೇಗೆ ಒಬ್ನಾದ್ರೂ ಉಳೀತಾನೋ ಆ ಕಡೆ ಗೆಲ್ತು. ಅದ್ಕೇ ನೋಡಿ, ಯಾರೂ ಎದ್ದು ಓಡಲ್ಲ."

ನಿಜವಾಗಿ ಯಾರೂ ಓಡುತ್ತಿರಲಿಲ್ಲ. ಬಂಡೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ತಲೆ ಚಾಚಿ, ಮತ್ತೆ ಕೂತು. ಅಕ್ಕ ಬಲೆಗೆ ಮುಖ ಹಚ್ಚಿ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, "ಹೋತು!" ಎಂದರು. ಒಬ್ಬ ಹುಡುಗ ಹಿಂದೆ ಕೈ ಇಟ್ಟುಕೊಂಡು ಎದ್ದು ನಿಂತ. ಬಣ್ಣ ಹತ್ತಿರಲಿಲ್ಲ, ಬಟ್ಟೆ ಬಾಯಿ ಬಿಟ್ಟಿತ್ತು.

ಎರಡನೆಯದು ಬಾವುಟದ ಆಟ. ಎರಡು ತುದಿಯಲ್ಲಿ ಎರಡು ಬಾವುಟ, ಎದುರಿನವರದ್ದನ್ನು ಕಿತ್ತು ನಮ್ಮ ಕಡೆಗೆ ತರಬೇಕು. ಸ್ವಲ್ಪ ಹೊತ್ತಾದ ಮೇಲೆ ಅದನ್ನೇ ಬದಲಾಯಿಸಿ ನಡುವೆ ಒಂದೇ ಬಾವುಟ ನೆಟ್ಟರು. ಯಾರು ಮೊದಲು ಅದನ್ನು ಎತ್ತಿ ಎದುರು ತುದಿಗೆ ಮುಟ್ಟಿಸುತ್ತಾರೋ ಅವರು ಗೆದ್ದ ಹಾಗೆ. ಒಂದು ಬಾವುಟ ಕಡಿಮೆಯಾದದ್ದಕ್ಕೇ ಆಟ ಪೂರ್ತಿ ಬೇರೆಯಾಯಿತು. ಮೊದಲು ಕಾವಲಿಗೆ ಅರ್ಧ ಜನ ಹಿಂದೆ ನಿಲ್ಲುತ್ತಿದ್ದರು. ಈಗ ಕಾಯಲು ಏನೂ ಇಲ್ಲದೆ ಎಲ್ಲರೂ ಮುಂದೆ ತೆವಳಿದರು, ಮೊಣಕಾಲು ಊರಿ, ಕಲ್ಲಿನ ಮೇಲೆ. ಆಮೇಲೆ ಕೋಟೆ ಆಟ. ಒಂದು ತಂಡ ಹುಳದ ಮನೆಯೊಳಗೆ, ಇನ್ನೊಂದು ಹೊರಗೆ. ಒಳಗಿನವರಿಗೆ ಒಂದೇ ಜೀವ. ಹೊರಗಿನವರು ಬಣ್ಣ ಹತ್ತಿದರೆ ದೂರದ ಬೇವಿನ ಮರ ಮುಟ್ಟಿ ಮತ್ತೆ ಬರಬಹುದು.

"ಕಬಡ್ಡಿನಾಗ ಸತ್ತೋರು ಏಳ್ತಾರಲ್ಲ, ಹಂಗ," ಎಂದರು ಅಕ್ಕ. ಮೈದಾನದಣ್ಣನಿಗೆ ಖುಷಿಯಾಯಿತು. "ಅಂಗೇ ಕಣಕ್ಕ! ನಾನು ಬೆಂಗ್ಳೂರಾಗೆ ಇದ್ನ ಅರ್ಥ ಮಾಡ್ಕೊಳಾಕೆ ಒಂದು ತಿಂಗ್ಳು ತಗೊಂಡೆ."

ಕೋಟೆಯ ಕಿಟಕಿ ಹತ್ತುವಾಗ ತೋಳು ಕಿತ್ತವು. ಮಧ್ಯಾಹ್ನದ ಹೊತ್ತಿಗೆ ಯಾವ ಆಟದಲ್ಲಿ ಬಟ್ಟೆಯ ಯಾವ ಭಾಗ ಹೋಗುತ್ತದೆ ಎಂದು ಅಕ್ಕ ನೋಡದೆಯೇ ಹೇಳಬಲ್ಲವರಾಗಿದ್ದರು. ಊಟ ಮಾಡುವಾಗ ಮೈದಾನದಣ್ಣ ಕೇಳಿದರು, "ಅಂಗಾದ್ರೆ ಒಲಿಗೆ ತಪ್ಪಾ ಅಕ್ಕ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಹೊಲಿಗಿ ತಪ್ಪಲ್ರಿ. ಉದ್ದ ಸಾಲ್ದು. ತೊಡಿ ಕೂಡೋ ಕಡಿ ಒಂದು ತುಂಡು ಬಟ್ಟಿ ಕೂಡಿಸಬೇಕು. ಮೊಣಕಾಲಿಗೆ ಎರಡು ಪದರ. ಕಂಕುಳಾಗ ಸ್ವಲ್ಪ ಸಡ್ಲ." ಕತ್ತರಿಸಿದವರು ಯಾರು ಎಂದು ಹೇಳಲಿಲ್ಲ. ನಾನು ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿಕೊಂಡೇ ಇದ್ದೆ.

ರಾಯದುರ್ಗಕ್ಕೆ ಬಂದು ಓನರ್ರಿಗೆ ಹೇಳಿದ್ದು ಇಷ್ಟು: "ಆ ಆಟಕ್ಕ ಬ್ಯಾರೆ ಕಟಿಂಗ್ ಬೇಕ್ರಿ." ಅದು ಸುಳ್ಳಲ್ಲ. ಆದರೆ ಅಕ್ಕನ ಹೊಲಿಗೆ ಸರಿಯಾಗಿಯೇ ಇತ್ತು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಕಟಿಂಗ್ ಮಾಸ್ಟರು ಹೊಸ ಪ್ಯಾಟರ್ನ್ ಮಾಡಿದರು, ಅಕ್ಕ ಪಕ್ಕದಲ್ಲಿ ನಿಂತು ಬೆರಳಿನಿಂದ ತೋರಿಸಿಕೊಟ್ಟರು, ತೋರಿಸಿ ಮುಗಿದ ಮೇಲೆ ದಾರ ಕತ್ತರಿಸುವ ಮೇಜಿಗೆ ವಾಪಸು ಹೋದರು. ಹೊಸ ಬಟ್ಟೆಗೆ ಓವರ್‌ಲಾಕ್ ಹಾಕಿದ್ದು ಬೇರೆ ಹುಡುಗಿ.

ಹೊಸ ಮೂವತ್ತು ತಯಾರಾದಾಗ ಮೈದಾನದಣ್ಣನೇ ಒಂದು ಯೋಚನೆ ಹೇಳಿದರು. ಹೊಲಿದವರೇ ಹಾಕಿಕೊಂಡು ಆಡಿ ನೋಡಲಿ, ಮಡಕಶಿರದ ಕಡೆ ಗಾರ್ಮೆಂಟ್ ಬಸ್ಸಿಗೆ ಹೋಗುವ ಹೆಣ್ಣುಮಕ್ಕಳೂ ಎದುರು ಆಡಲು ಬರುತ್ತಾರೆ ಎಂದು. ಓನರ್ರು ನಗುತ್ತಾ ಒಪ್ಪಿ ವ್ಯಾನ್ ಮಾಡಿಕೊಟ್ಟರು. ನಾವು ರಾಯದುರ್ಗದಿಂದ ಎಂಟು ಜನ. ಅಕ್ಕ ಬಂದರು, ಆದರೆ ಆಡುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಸೀರೆ, ಚೂಡಿದಾರ ಬಿಚ್ಚಿಟ್ಟು ಓವರಾಲ್ ಹಾಕಿಕೊಂಡು ಹೊರಗೆ ಬಂದಾಗ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳಬೇಕು. ಅಷ್ಟು ವರ್ಷ ಕೂತು ಹೊಲಿದ ಬಟ್ಟೆಯೊಳಗೆ ನಾವೇ ಕೈಕಾಲು ತೂರಿಸಿದ್ದು ಅದೇ ಮೊದಲು. ಮೈದಾನದಣ್ಣ ಸಾಲಾಗಿ ನಿಲ್ಲಿಸಿ ಹೇಳಿದರು.

"ಮುಖವಾಡ ಏನೇ ಆದ್ರೂ ತೆಗೀಬಾರ್ದು. ತೀರಾ ಅತ್ರ ಇದ್ರೆ ಒಡೀಬೇಡಿ, ಶರಣು ಅನ್ನಿ ಅಂತ ಕೇಳಿ ಸಾಕು. ಗುಂಡು ತಾಗಿ ಒಡೀದೆ ಪುಟಿದ್ರೆ ಲೆಕ್ಕ ಇಲ್ಲ. ಗನ್ನಿಗೆ ಬಣ್ಣ ಅತ್ತಿದ್ರೆ ಕೆಲವು ಕಡೆ ಔಟಲ್ಲ, ನಮ್ಮಲ್ಲಿ ಔಟೇ. ಬಣ್ಣ ಅತ್ತಿದೋರು ತಾವೇ ಕೈ ಎತ್ತಿ ಒರಗೆ ಬರ್ಬೇಕು. ನಾನೊಬ್ನೇ ಎಲ್ಲಾ ಕಡೆ ನೋಡಾಕಾಗಲ್ಲ."

ಮೊದಲ ಆಟ ಒಂದೇ ಜೀವದ್ದು. ನಾನು ಎರಡೇ ನಿಮಿಷಕ್ಕೆ ಔಟ್ ಆದೆ. ಎದುರು ತಂಡದ ಮುಂದಾಳು ಮೈದಾನದಣ್ಣನ ತಂಗಿ. ಬಂಡೆಯ ಮೇಲಿಂದ ನನ್ನ ಎದೆಗೇ ಹೊಡೆದಳು. ನಮ್ಮವರು ಸೋತರು. ಎರಡೂ ಆಂಧ್ರದ ಗಡಿಯ ಊರುಗಳಾದ್ದರಿಂದ ಜಗಳ ಬಿಸಿಯಾದಾಗ ಎರಡು ಕಡೆಯವರ ಬಾಯಿಗೂ ತೆಲುಗೇ ಬರುತ್ತಿತ್ತು, ಅದೊಂದು ಅನುಕೂಲವಾಯಿತು. ನಮ್ಮ 'ಹೌದ್ರಿ'ಗೆ ಅವರು ನಗುವುದು, ಅವರ 'ಒಡಿ, ಓಗು'ಗೆ ನಾವು ನಗುವುದು ನಿಂತಿತು.

ಎರಡನೆಯದು ನಡುವೆ ಒಂದೇ ಬಾವುಟದ ಆಟ. ಈ ಸಲ ನನಗೆ ಛಲ ಬಂದಿತ್ತು. ಹುಡುಗಿಯಾಗಿದ್ದಾಗ ಕುರಿ ಹಿಂದೆ ಬಂಡೆ ಸಂದಿಯಲ್ಲಿ ನುಸುಳಿದ ಕಾಲು ನನ್ನದು, ಎಂದುಕೊಂಡು ಎಡಗಡೆಯಿಂದ ತೆವಳಿಕೊಂಡು ಹೋದೆ. ನಮ್ಮವರು ಬಲಗಡೆ ಗದ್ದಲ ಮಾಡುತ್ತಿದ್ದರು. ಬಾವುಟಕ್ಕೆ ಹತ್ತು ಹೆಜ್ಜೆ ಇರುವಾಗ ತೊಡೆಯ ಒಳಗಡೆ ಚುಳ್ ಅಂತು. ನೋಡಿದೆ. ಹಳದಿ ಬಣ್ಣ ಒಂದು ಅಂಗೈ ಅಗಲ ಚೆಲ್ಲಿತ್ತು.

ಮೈದಾನದಣ್ಣ ಬಲಗಡೆ ಇದ್ದರು. ಸುತ್ತ ಯಾರೂ ಇರಲಿಲ್ಲ. ಒಂದು ಹಿಡಿ ಮಣ್ಣು ತೆಗೆದುಕೊಂಡು ಉಜ್ಜಿದೆ. ಬಣ್ಣ ಹೋಯಿತು, ಒದ್ದೆ ಮಣ್ಣಿನ ಕಲೆ ಉಳಿಯಿತು. ಓವರಾಲ್ ಮೊದಲೇ ಮಣ್ಣಿನಂಥ ಮಿಲಿಟರಿ ಬಣ್ಣದ್ದು, ಗೊತ್ತಾಗುವ ಹಾಗಿರಲಿಲ್ಲ. ಯೋಚಿಸಿ ಮಾಡಿದ್ದಲ್ಲ. ಕೈ ತಾನೇ ಹೋಯಿತು. ಬಹುಶಃ ಅದೇ ನನ್ನನ್ನು ಆಮೇಲೆ ಹೆಚ್ಚು ಕಾಡಿದ್ದು. ತಲೆ ಎತ್ತಿದಾಗ ಎದುರಿನ ಡ್ರಮ್ಮಿನ ಪಕ್ಕದಲ್ಲಿ ಆ ತಂಗಿ ಗನ್ನು ಕೆಳಗಿಳಿಸಿ ನಿಂತಿದ್ದಳು. ಹೊಡೆದವಳು ಅವಳೇ. ನಾನು ಔಟ್ ಆಗಿ ಎದ್ದುಹೋಗಲಿ ಎಂದು ಕಾಯುತ್ತಿದ್ದಳು. ನಾನು ಎದ್ದೆ, ಓಡಿದೆ, ಬಾವುಟ ಕಿತ್ತೆ. ಅವಳು ಮತ್ತೆ ಹೊಡೆಯಲಿಲ್ಲ. ಎದುರು ತುದಿಗೆ ಬಾವುಟ ಮುಟ್ಟಿಸಿದಾಗ ನಮ್ಮವರು ನನ್ನನ್ನು ಎತ್ತಿಕೊಂಡು ಕುಣಿದರು. ಬಲೆಯಾಚೆ ಅಕ್ಕ ಕೂಡ ಚಪ್ಪಾಳೆ ಹೊಡೆಯುತ್ತಿದ್ದರು.

ಅವಳು ಹೇಳುತ್ತಾಳೆ ಎಂದು ಕಾದೆ. ಹೇಳಿದರೆ ಇಲ್ಲ ಎಂದು ವಾದಿಸಲು ಮಾತು ಕೂಡ ಜೋಡಿಸಿಕೊಂಡಿದ್ದೆ. ಅವಳು ಮುಖವಾಡದ ಗಾಜು ಒರೆಸಿಕೊಂಡು ನೀರು ಕುಡಿದಳು, ಅಷ್ಟೇ.

ಮೂರನೆಯ ಆಟಕ್ಕೆ ಮೈದಾನದಣ್ಣ ತಂಡ ಕಲೆಸಿದರು. ಊರು ನೋಡದೆ ಚೀಟಿ ಎತ್ತಿಸಿದರು. ನಾನೂ ಆ ತಂಗಿಯೂ ಒಂದೇ ಕಡೆ ಬಂದೆವು. ಇದು ಡಾಕ್ಟರ್ ಆಟ. ಪ್ರತಿ ತಂಡಕ್ಕೂ ಒಬ್ಬ ಡಾಕ್ಟರು. ಬಣ್ಣ ಹತ್ತಿದವರು ಇದ್ದಲ್ಲೇ ಕೂತು ಕೈ ಎತ್ತಿ ಕೂಗಬೇಕು. ಡಾಕ್ಟರು ಬಂದು ಭುಜ ಮುಟ್ಟಿದರೆ ಮತ್ತೆ ಜೀವ. ಡಾಕ್ಟರಿಗೇ ಬಣ್ಣ ಹತ್ತಿದರೆ ಅವರನ್ನು ಏಳಿಸುವವರಿಲ್ಲ. ಅದಕ್ಕೆ ಡಾಕ್ಟರು ಯಾರೆಂದು ಎದುರಿನವರಿಗೆ ಹೇಳಬಾರದು, ತಂಡದವರೆಲ್ಲ ಸೇರಿ ಅವರನ್ನು ಕಾಯಬೇಕು. ನಮ್ಮ ಡಾಕ್ಟರು ಅವಳೇ ಆದಳು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಬಿತ್ತು. ಕೂತೆ, ಕೈ ಎತ್ತಿದೆ. ಕೂಗಲು ಬಾಯಿ ಬರಲಿಲ್ಲ. ಯಾರನ್ನು ಕೂಗಲಿ? ಆದರೂ ಅವಳು ನೋಡಿದಳು. ಟೈರಿನ ಹಿಂದಿನಿಂದ ಬಗ್ಗಿಕೊಂಡು ಬಂದಳು. ಸುತ್ತ ಗುಂಡು ಬೀಳುತ್ತಿದ್ದವು. ನನ್ನ ಪಕ್ಕ ಕುಕ್ಕರಿಸಿ, ಬಣ್ಣ ಹತ್ತಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಳಿದಳು:

"ಈ ಸಲ ನಿಜವಾಗ್ಲೂ ಬಿತ್ತಾ ಅಕ್ಕ?"

ವ್ಯಂಗ್ಯವಿತ್ತೋ ಇಲ್ಲವೋ, ಮುಖವಾಡದೊಳಗೆ ಮುಖ ಕಾಣುತ್ತಿರಲಿಲ್ಲ. ದನಿಯಲ್ಲಂತೂ ಸಿಟ್ಟಿರಲಿಲ್ಲ. "ಬಿತ್ತು," ಎಂದೆ. ಅವಳು ಭುಜ ತಟ್ಟಿದಳು. "ಏಳಿ ಮತ್ತೆ." ಅಷ್ಟರಲ್ಲಿ ಅವಳ ಬೆನ್ನಿಗೆ ಎರಡು ಗುಂಡು ಬಿದ್ದವು. ಒಂದು ಕ್ಷಣವೂ ತಡ ಮಾಡದೆ ಕೈ ಎತ್ತಿಕೊಂಡು ಹೊರಗೆ ನಡೆದಳು. ನನ್ನನ್ನು ಏಳಿಸಲು ಬಂದದ್ದಕ್ಕೆ ನಮ್ಮ ತಂಡಕ್ಕೆ ಡಾಕ್ಟರೇ ಇಲ್ಲದಾಯಿತು. ಆ ಆಟ ಸೋತೆವು.

ಊಟಕ್ಕೆ ಹುಣಸೆ ಮರದಡಿ ಕೂತಾಗ ನಮ್ಮವರು ಬಾವುಟದ ಆಟದ ಬಗ್ಗೆಯೇ ಮಾತಾಡುತ್ತಿದ್ದರು. ನಾನು ತಟ್ಟೆ ಕೆಳಗಿಟ್ಟೆ. "ಆ ಆಟ ನಮ್ಮದಲ್ರಿ," ಎಂದುಬಿಟ್ಟೆ. "ನನಗ ಬಣ್ಣ ಹತ್ತಿತ್ತು. ಮಣ್ಣಾಗ ಒರಸ್ಕೊಂಡೆ."

ನಮ್ಮ ಹುಡುಗಿಯೊಬ್ಬಳು ಸಿಟ್ಟಾಗಿ, "ಹೇಳೂದ ಆಗಿದ್ರ ಆಗ್ಲೇ ಹೇಳಬೇಕಿತ್ತು, ಈಗ ನಮ್ಮೆಲ್ಲರ ಮಾನ ಯಾಕ ತೆಗೀತೀರಿ?" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮೈದಾನದಣ್ಣ ನಕ್ಕು, ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಆಫೀಸಿನವರು ಇದನ್ನು ದಿನಾ ಮಾಡುತ್ತಾರೆ ಎಂದು ಮಾತು ಹಗುರ ಮಾಡಲು ನೋಡಿದರು. ಅವರ ತಂಗಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಅಕ್ಕ ಮಾತ್ರ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಇನ್ನೂ ಏನೋ ಬರುತ್ತದೆ ಎಂದು ಕಾಯುವವರ ಹಾಗೆ. ಅಲ್ಲಿ ಬರಲಿಲ್ಲ.

ಕೊನೆಯ ಆಟ ಅಂಟುರೋಗದ್ದು. ಇಬ್ಬರಿಂದ ಶುರು. ಅವರು ಹೊಡೆದವರೆಲ್ಲ ಅವರ ಕಡೆಯವರಾಗುತ್ತಾರೆ, ಕೊನೆಗೆ ಒಬ್ಬರೋ ಇಬ್ಬರೋ ಉಳಿದು ಮಿಕ್ಕವರೆಲ್ಲ ಅವರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಸೋತವರು ಅಂತ ಯಾರೂ ಉಳಿಯದ ಆಟ ಅದು. ಎಲ್ಲರೂ ಕಿರುಚಾಡಿ ಕಿರುಚಾಡಿ ಸುಸ್ತಾದರು. ನಾವು ಹಾಕಿಕೊಂಡಿದ್ದವುಗಳಲ್ಲಿ ಒಂದು ಓವರಾಲ್ ಕೂಡ ಹರಿಯಲಿಲ್ಲ.

ವಾಪಸು ಬರುವಾಗ ಪಾವಗಡದಲ್ಲಿ ವ್ಯಾನ್ ನಿಲ್ಲಿಸಿ ಎಲ್ಲರೂ ಟೀ ಕುಡಿಯಲು ಇಳಿದರು. ಇನ್ನೂ ಬಿಸಿಲಿತ್ತು. ಅಕ್ಕ ಗ್ಲಾಸು ಹಿಡಿದು ಪಕ್ಕಕ್ಕೆ ಹೋಗಿ ನಿಂತಿದ್ದರು. ಹತ್ತಿರ ಹೋದೆ.

"ಅಕ್ಕ, ಮೊದಲನೇ ಕಟಿಂಗ್ ನಂದ ಇತ್ತಲ್ರಿ."

"ಹೂಂ."

"ಓನರ್ ಮುಂದ ನಿಮ್ಮ ಹೊಲಿಗಿ ಅಂದೆ."

"ಗೊತ್ತೈತಿ. ಅವತ್ತು ಬಾಗಿಲ ಹೊರಗ ನೂಲಿನ ಡಬ್ಬಿ ಹಿಡ್ಕೊಂಡು ನಾನು ನಿಂತಿದ್ದೆ."

"ಮತ್ತ ಯಾಕ ಸುಮ್ನಿದ್ರಿ?"

ಅಕ್ಕ ಟೀ ಮುಗಿಸಿ ಗ್ಲಾಸು ಕಟ್ಟೆಯ ಮೇಲಿಟ್ಟರು. "ನಾನೂ ಮಾತಾಡಿದ್ರ ಓನರ್ ಇಬ್ಬರ ಮಾತೂ ತೂಗಬೇಕಾಗಿತ್ತು. ನೀನು ಸೂಪರ್‌ವೈಸರು. ಬೆಂಗಳೂರಾಗ ಇಂಥದ್ದು ಬಾಳ ನೋಡೀನವ್ವ. ತೂಗಿದ್ರ ಯಾರ ಕಡಿ ಇಳಿತೈತಿ ಅಂತ ನನಗ ಗೊತ್ತು."

"ತಪ್ಪಾತ್ರಿ ಅಕ್ಕ."

"ನನಗ ಹೇಳಿ ಏನು ಮಾಡ್ತಿ? ನನಗ ಗೊತ್ತಿಲ್ಲದ್ದು ಏನೂ ಹೇಳ್ಲಿಲ್ಲ ನೀನು. ಗೊತ್ತಿಲ್ಲದೋರಿಗೆ ಹೇಳು."

ಅಷ್ಟು ಹೇಳಿ ವ್ಯಾನ್ ಹತ್ತಿದರು.

ಸೋಮವಾರ ಬೆಳಿಗ್ಗೆ ಓನರ್ರ ರೂಮಿಗೆ ಹೋಗಿ, ಅಕ್ಕ ಬಾಗಿಲ ಹೊರಗೆ ನಿಂತು ಕೇಳಿಯೂ ಸುಮ್ಮನಿದ್ದದ್ದನ್ನು ಸೇರಿಸಿ, ಎಲ್ಲ ಹೇಳಿದೆ. ಅವರು ಮೇಜಿನ ಮೇಲಿನ ಟೇಪನ್ನು ಸುತ್ತಿ ಪಕ್ಕಕ್ಕಿಟ್ಟರು. "ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದರು. "ಅಂಜಿಕಿ ಆತ್ರಿ," ಎಂದೆ. "ಆಕಿನೂ ಅಂಜೇ ಸುಮ್ನಿದ್ಳಲ್ಲ," ಎಂದರು. ಎದ್ದು ಬಂದು, ಎಲ್ಲ ಮಿಷಿನ್ನುಗಳೂ ನಡೆಯುತ್ತಿರುವಾಗಲೇ ದಾರದ ಮೇಜಿನ ಹತ್ತಿರ ಹೋಗಿ, "ಅಕ್ಕ, ನಿಮ್ಮ ಜಾಗಕ್ಕ ಹೋಗ್ರಿ. ತಪ್ಪು ನಿಮ್ಮದಿರಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಕ್ಕ ಕತ್ತರಿ ಬಿಚ್ಚಿಟ್ಟು, ಓವರ್‌ಲಾಕ್ ಮಿಷಿನ್ನಿನ ಮೇಲಿದ್ದ ನೂಲಿನ ಧೂಳನ್ನು ಊದಿ, ಕೂತರು.

ನನ್ನನ್ನು ಕುರ್ಚಿಯಿಂದ ಇಳಿಸಿದರು. ನಾಲ್ಕೈದು ತಿಂಗಳು ನಾನು ಜೇಬು ಹೊಲಿಯುವ ಮಿಷಿನ್ ಮೇಲೆ ಕೂತೆ. ನ್ಯಾಯವೇ, ಆದರೂ ನೋವಾಯಿತು. ಹೇಳಿದ್ದೇ ತಪ್ಪಾಯಿತೇನೋ ಎಂದು ಅನ್ನಿಸಿದ ದಿನಗಳೂ ಇದ್ದವು. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು, ಅಷ್ಟು ನಿಜ. ಅಕ್ಕ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಂದು ದಿನ ಊಟದ ಹೊತ್ತಿಗೆ ತಮ್ಮ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ತೆಗೆದು ನನ್ನ ರೊಟ್ಟಿಯ ಮೇಲೆ ಹಾಕಿದರು. ಕೇಳಲಿಲ್ಲ, ಹಾಕಿದರು. ಅವತ್ತಿನಿಂದ ಮತ್ತೆ ಒಟ್ಟಿಗೆ ಕೂತು ಉಣ್ಣತೊಡಗಿದೆವು.

ಮೈದಾನದ ಆರ್ಡರು ಆಮೇಲೂ ಬಂದವು. ವರ್ಷಕ್ಕೆ ಒಂದೆರಡು ಸಲ ಬಟ್ಟೆ ಕೊಡಲು ಹೋದಾಗ ಅಲ್ಲಿಯ ಹೆಣ್ಣುಮಕ್ಕಳ ಜೊತೆ ಆಡಿಬರುತ್ತಿದ್ದೆವು. ಒಂದು ಸಲ ಮೈದಾನದಣ್ಣ ಹೊಸ ಆಟವೊಂದನ್ನು ಹೇಳಿಕೊಟ್ಟರು. ತಂಡದಲ್ಲಿ ಒಬ್ಬರು ರಾಜ, ಅವರ ಕೈಯಲ್ಲಿ ಗನ್ನಿಲ್ಲ. ಉಳಿದವರು ಸುತ್ತ ನಿಂತು ಅವರನ್ನು ಈ ತುದಿಯಿಂದ ಆ ತುದಿಗೆ ದಾಟಿಸಬೇಕು. ರಾಜನಿಗೆ ಬಣ್ಣ ಹತ್ತಿದರೆ ಆಟ ಮುಗಿಯಿತು. ರಾಜ ಯಾರಾಗಬೇಕು ಎಂದಾಗ ಮಡಕಶಿರದ ತಂಗಿ ಬಲೆಯಾಚೆ ಕೂತಿದ್ದ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದಳು.

"ಓಡಾಕ ಆಗಂಗಿಲ್ಲವ್ವ ನನಗ," ಎಂದರು ಅಕ್ಕ.

"ನೀವು ಓಡ್ಬೇಡಿ ಅಕ್ಕ. ಸುಮ್ನೆ ನಡೀರಿ. ಓಡೋರು ನಾವಿದೀವಲ್ಲ."

ಅಕ್ಕ ನಡೆದರು. ಸಂತೆಗೆ ಹೋಗುವವರಂತೆ, ಸುತ್ತಮುತ್ತ ನೋಡಿಕೊಂಡು. ನಾವು ಐದು ಜನ ಅವರ ಸುತ್ತ. ಅರ್ಧ ದಾರಿಗೆ ಮೂವರು ಔಟ್ ಆದರು. ಹುಳದ ಮನೆಯ ಗೋಡೆಯ ಹತ್ತಿರ ನಾನೂ ಔಟ್ ಆಗಿ ಕೈ ಎತ್ತಿದೆ. ಉಳಿದವಳು ಆ ತಂಗಿ ಒಬ್ಬಳೇ. ಅವಳು ಅಕ್ಕನನ್ನು ಬಂಡೆಯ ಹಿಂದೆ ಕೂರಿಸಿ, ಎದುರಿನ ಇಬ್ಬರನ್ನು ಹೊಡೆದು, ಮತ್ತೆ ಕೈ ಹಿಡಿದು ನಡೆಸಿಕೊಂಡು ಗೆರೆ ದಾಟಿಸಿದಳು. ನಾವೆಲ್ಲ ಕೂಗುತ್ತಿದ್ದರೆ ಅಕ್ಕ ಮುಖವಾಡದೊಳಗಿಂದ, "ಮುಗೀತಾ? ಇನ್ನೊಂದು ಸಲ ಆಡಿಸ್ರಿ. ಈ ಸಲ ನನಗೂ ಗನ್ನು ಕೊಡ್ರಿ," ಎನ್ನುತ್ತಿದ್ದರು.

ಆ ಮೈದಾನ ಈಗಿಲ್ಲ. ಬೋರ್‌ವೆಲ್ಲಿನಲ್ಲಿ ನೀರು ಸಿಕ್ಕ ಮೇಲೆ ಮೈದಾನದಣ್ಣ ಮತ್ತೆ ಹಿಪ್ಪುನೇರಳೆ ಹಾಕಿದರು. ಗನ್ನುಗಳನ್ನು ಬೆಂಗಳೂರಿನ ಕಡೆಯ ಯಾರೋ ತೆಗೆದುಕೊಂಡು ಹೋದರಂತೆ. ಓವರಾಲ್‌ಗಳನ್ನು ಅವರ ತಂಗಿ ಸುತ್ತಲಿನ ತೋಟದವರಿಗೆ ಹಂಚಿದಳು. ಔಷಧಿ ಹೊಡೆಯುವಾಗ ಮೈ ಮುಚ್ಚಲು ಅವಕ್ಕಿಂತ ಒಳ್ಳೆಯದಿಲ್ಲ ಎಂದು ಫೋನಿನಲ್ಲಿ ಹೇಳಿದಳು. ಗುಡಿಬಂಡೆಯ ದಾರಿಯಲ್ಲಿ ಟೊಮೇಟೊ ಸಾಲುಗಳ ನಡುವೆ ಮಿಲಿಟರಿಯವರು ನಿಂತಂತೆ ಕಾಣುತ್ತದಂತೆ. ಅಕ್ಕ ಕಣ್ಣು ಮಂಜಾಗಿ ಕೆಲಸ ಬಿಟ್ಟರು, ತಮ್ಮ ಸ್ವಂತ ತಂಗಿಯ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಮಡಕಶಿರದವಳು ಹೇಗಿದ್ದಾಳೆ ಎಂದು ಕೇಳಿದರು. ಹಿಂದೂಪುರದಲ್ಲೇ ಇದ್ದಾಳೆ, ಈಗ ಲೈನಿನ ಸೂಪರ್‌ವೈಸರ್ ಆಗಿದ್ದಾಳೆ ಎಂದೆ. "ಒಳ್ಳೇದಾತು," ಎಂದು, ನನಗೆ ಕಾಫಿ ತರಲು ಒಳಗೆ ಕೂಗಿದರು.